ಗಾಡಿಯೇ ಮನೆಯಾಗುವ ಮೊದಲು

ಮಳೆಗಾಲ ಮುಗಿಯುತ್ತಿದ್ದಂತೆ ಕಳಸಾಪುರ, ಗದಗ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ನಮ್ಮ ಪಿಂಜಾರ-ನದಾಫ ಕುಟುಂಬಗಳು ಗಾಡಿ ಸಜ್ಜು ಮಾಡತೊಡಗುತ್ತವೆ. ಸಣ್ಣ ಸರಕು ಗಾಡಿಯ ಮೇಲೆ ಹತ್ತಿ ಹಿಂಜುವ ಯಂತ್ರ, ಪಕ್ಕದಲ್ಲಿ ಪಾತ್ರೆ-ಹಾಸಿಗೆ, ಅದೇ ಸಂದಿಯಲ್ಲಿ ಸಂಸಾರ. ಊರಿಂದೂರಿಗೆ ಗಾದಿ ಮಾಡುತ್ತಾ ಹೋದರೆ ಎಷ್ಟೋ ತಿಂಗಳು ಆ ಗಾಡಿಯೇ ಮನೆ. ಹೊರಡುವ ಮುಂಚೆ ಟೈರು, ಬೆಲ್ಟು, ಬ್ಯಾಟರಿ ಎಲ್ಲವನ್ನೂ ತೋರಿಸುತ್ತೀರಿ. ಆದರೆ ಅದರೊಳಗೆ ಬದುಕಬೇಕಾದ ದೇಹಗಳ ತಯಾರಿಯನ್ನು ಯಾರೂ ಕೇಳುವುದಿಲ್ಲ. ಇದೇ ನನ್ನ ತಕರಾರು.

ಆರೋಗ್ಯ ನಿಂತಿರುವುದು ಆರು ಅಗತ್ಯಗಳ ಮೇಲೆ ಎನ್ನುತ್ತದೆ ಯುನಾನಿ ವೈದ್ಯ ಪದ್ಧತಿ. ಗಾಳಿ, ಅನ್ನ-ನೀರು, ದೇಹದ ದುಡಿಮೆ-ವಿಶ್ರಾಂತಿ, ಮನಸ್ಸಿನ ಚಲನೆ-ನೆಮ್ಮದಿ, ನಿದ್ರೆ-ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ-ಧಾರಣೆ. ಇವನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಇಟ್ಟಿಗೆಯ ಮನೆಯಲ್ಲಿ ಇವುಗಳಲ್ಲಿ ಅರ್ಧದಷ್ಟು ತಾನಾಗಿಯೇ ನಡೆದುಹೋಗುತ್ತದೆ. ಗಾಡಿಯಲ್ಲಿ ಆರನ್ನೂ ನೀವೇ ಏರ್ಪಾಡು ಮಾಡಬೇಕು.

ಮೊದಲು ಗಾಳಿ. ಹಳೆ ಗಾದಿಯ ಹತ್ತಿಯಲ್ಲಿ ವರ್ಷಗಟ್ಟಲೆಯ ಧೂಳು, ಬೆವರು, ಕಣ್ಣಿಗೆ ಕಾಣದ ಹುಳುಗಳಿರುತ್ತವೆ. ಹಿಂಜುವ ಮೊದಲು ಅದನ್ನು ಕೆಲ ಗಂಟೆ ಬಿಸಿಲಿಗೆ ಹರಡಿ. ಯಂತ್ರ ಓಡುವಾಗ ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ, ಮೂಗು-ಬಾಯಿ ಮುಚ್ಚಿಕೊಳ್ಳಿ, ಮಕ್ಕಳನ್ನು ದೂರವಿಡಿ. ಒಂದು ದಿನ ರಜೆ ಮಾಡಿ ಮರುದಿನ ಕೆಲಸಕ್ಕೆ ಕುಳಿತಾಗ ಎದೆ ಬಿಗಿದಂತಾದರೆ ಅದನ್ನು ಆಯಾಸವೆಂದು ತಳ್ಳಿಹಾಕಬೇಡಿ. ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಹೀಗೆಯೇ ಶುರುವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಜೋಶಾಂದಾ ಸಾಕೆಂದು ಯುನಾನಿ ವೈದ್ಯನಾದ ನಾನೇ ಹೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಊರು ಬದಲಿಸಿದರೂ ಮತ್ತೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಚಿಕಿತ್ಸೆ ಮುಂದುವರಿಸಬಹುದು.

ರಾತ್ರಿ ತಾಡಪತ್ರಿಯನ್ನು ನಾಲ್ಕೂ ಕಡೆ ಬಿಗಿದು ಕಟ್ಟಬೇಡಿ. ಎದುರುಬದುರು ಎರಡು ಕಡೆ ಸಂದು ಬಿಟ್ಟು ಸೊಳ್ಳೆ ಪರದೆ ಕಟ್ಟಿ. ಚಳಿಯೆಂದು ಎಂಜಿನ್ ಚಾಲೂ ಇಟ್ಟು ಅಥವಾ ಇದ್ದಿಲ ಒಲೆ ಒಳಗಿಟ್ಟು ಮಲಗುವುದು ಸಾವನ್ನು ಕರೆದಂತೆ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹತ್ತಿ ತುಂಬಿದ ಗಾಡಿಗೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಡುಗೆ ಹೊರಗೇ ಆಗಲಿ.

ಇನ್ನು ನೀರು. ಕುಡಿಯಲು ಮತ್ತು ತೊಳೆಯಲು ಬೇರೆ ಬೇರೆ ಕ್ಯಾನು ಇಡಿ. ಕುಡಿಯುವ ಕ್ಯಾನಿಗೆ ನಲ್ಲಿ ಇರಲಿ, ಅದರೊಳಗೆ ಲೋಟ ಅದ್ದುವುದು ಬೇಡ. ನೀರಿನ ಬಗ್ಗೆ ಅನುಮಾನವಿದ್ದರೆ ಕುದಿಸಿ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ, ಒಂದು ಸಾಅ್ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು. ಮುದ್ದ್ ಎಂದರೆ ಸುಮಾರು ಮುಕ್ಕಾಲರಿಂದ ಒಂದು ಲೀಟರು. ಸಾಅ್ ಅದರ ನಾಲ್ಕರಷ್ಟು. ಈ ಲೆಕ್ಕದಲ್ಲಿ ನಾಲ್ವರಿಗೆ ಐದು ಹೊತ್ತಿನ ವುಝೂಗೆ 20 ಲೀಟರ್ ಸಾಕು. ಕುಡಿಯಲು ಮತ್ತು ಅಡುಗೆಗೆ ಇನ್ನೊಂದು 20 ಲೀಟರ್. ಎರಡು ಕ್ಯಾನಿನಲ್ಲಿ ದಿನ ಸಾಗುತ್ತದೆ. ನೀರಿಲ್ಲವೆಂದು ನಮಾಝ್ ಬಿಡುವ ಪ್ರಮೇಯವೂ ಇಲ್ಲ, ತಯಮ್ಮುಮ್ ಇದೆ.

ಎಲ್ಲರೂ ನಾಚಿಕೆಯಿಂದ ದಾಟಿಹೋಗುವುದು ಆರನೆಯ ಅಗತ್ಯವನ್ನು. ಗಾಡಿಯ ಗಂಡಸಿಗೆ ಊರಿನ ಮಸೀದಿ ಇದೆ. ಅಲ್ಲಿ ಶೌಚಾಲಯವಿದೆ, ನೀರಿದೆ. ಅವನ ಹೆಂಡತಿ, ಮಗಳು ಎಲ್ಲಿಗೆ ಹೋಗಬೇಕು? ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ, ಮೂತ್ರಕೋಶದ ಸೋಂಕು, ಕಲ್ಲು, ಮಲಬದ್ಧತೆ ಹೊತ್ತು ಮರಳುವ ಹೆಣ್ಣುಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. 'ಶರ್ಬತೆ ಬಝೂರಿ' ಬರೆದುಕೊಡುತ್ತೇನೆ, ಜ್ವರ ಇದ್ದರೆ ಮೂತ್ರ ಪರೀಕ್ಷೆಗೆ ಕಳಿಸುತ್ತೇನೆ. ಆದರೆ ಅವರ ಕಾಯಿಲೆಗೆ ನಿಜವಾದ ಔಷಧ ಒಂದು ಬಾಗಿಲು ಮತ್ತು ಒಂದು ಚಿಲಕ.

ಆದ್ದರಿಂದ ಈ ಮಾತು ಗಾಡಿಯವರಿಗಷ್ಟೇ ಅಲ್ಲ, ಊರಲ್ಲಿ ನೆಲೆಯಾಗಿರುವ ನಿಮಗೂ. ನಿಮ್ಮ ಮಸೀದಿಯ ಆವರಣದಲ್ಲಿ, ಮದ್ರಸದಲ್ಲಿ, ಶಾದಿಮಹಲಿನಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ದಾರಿಯಿರುವ ಒಂದು ಶೌಚಾಲಯವನ್ನು ಬೆಳಿಗ್ಗೆ-ಸಂಜೆ ತೆರೆದಿಡಿ. ದಾರಿಯಲ್ಲಿ, ನೆರಳಿನಲ್ಲಿ, ನೀರಿನ ಬಳಿ ಮಲವಿಸರ್ಜನೆ ಮಾಡಬಾರದೆಂದು ನಾವು ಬೋಧಿಸುತ್ತೇವೆ. ಬೇರೆ ಜಾಗ ತೋರಿಸದೆ ಬರೀ ಬೋಧಿಸಿದರೆ ಆ ಬೋಧನೆ ಬಡವರ ಮೇಲಿನ ಹೊರೆಯಾಗುತ್ತದೆ. 'ಯಾರು ತೊಳೆಯಬೇಕು?' ಎಂದು ಜಮಾಅತಿನವರು ಕೇಳುತ್ತಾರೆ. ಬಳಸಿದವರೇ ತೊಳೆಯುತ್ತಾರೆ, ಕೇಳಿ ನೋಡಿ.

ಗಾಡಿಯವರಿಗೆ ಇನ್ನೆರಡು ಮಾತು. ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜ-ಅಜ್ಜಿಯ ಬಳಿಯೋ ಮೊರಾರ್ಜಿ ದೇಸಾಯಿಯಂಥ ವಸತಿ ಶಾಲೆಯಲ್ಲೋ ಬಿಟ್ಟು ಹೊರಡಿ. ಹಾಲುಗೂಸಿನ ಲಸಿಕೆ ಕಾರ್ಡು, ತಾಯಿ ಕಾರ್ಡು, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಲಸಿಕೆಯ ದಿನ ಬಂದಾಗ ನೀವಿರುವ ಊರಿನ ಅಂಗನವಾಡಿಯಲ್ಲಿ ಕೇಳಿ, ಹಾಕಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಗುಳಿಗೆ ತಪ್ಪಿಸಬೇಡಿ. ಇನ್ಸುಲಿನ್ ಬಾಟಲಿಯನ್ನು ಬಿಸಿಲು ಬೀಳುವ ಡ್ಯಾಶ್‌ಬೋರ್ಡಿನ ಮೇಲಲ್ಲ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿಡಿ. ಬೇಧಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮತ್ತು ಗಾಡಿ ಓಡುವಾಗ ಹಿಂದೆ ಸಾಮಾನಿನ ಮೇಲೆ ಹೆಂಡತಿ-ಮಕ್ಕಳನ್ನು ಕೂರಿಸಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅವರು ಬಸ್ಸಿನಲ್ಲಿ ಬರಲಿ.

'ಇದೆಲ್ಲ ಉಳ್ಳವರ ಮಾತು ಡಾಕ್ಟ್ರೇ' ಎನ್ನುತ್ತೀರಿ. ಎರಡು ಕ್ಯಾನು, ಒಂದು ಸೊಳ್ಳೆ ಪರದೆ, ನಾಲ್ಕು ಬಟ್ಟೆಯ ಮುಖಗವಸು, ಒಂದು ಕುಡಿಕೆ. ಗಾಡಿಗೆ ಹಾಕಿಸುವ ಹಾಡಿನ ಪೆಟ್ಟಿಗೆಗಿಂತ ಇದು ದುಬಾರಿಯಲ್ಲ. ದುಡಿಯುವವನು ಮಲಗಿದ ದಿನ ಯಂತ್ರವೂ ಮಲಗುತ್ತದೆ, ದುಡಿದ ಹಣ ಆಸ್ಪತ್ರೆ ಸೇರುತ್ತದೆ. ಗಾದಿ ಮಾಡಿ ಊರಿಗೆಲ್ಲ ನಿದ್ದೆ ಕೊಡುವವರು ನೀವು. ನಿಮ್ಮ ಮನೆಯವರೂ ಸುಖವಾಗಿ ಮಲಗುವಂತೆ ಗಾಡಿ ಸಜ್ಜು ಮಾಡಿ ಹೊರಡಿ. ಅಲ್ಲಾಹನು ನಿಮ್ಮ ಪ್ರಯಾಣದಲ್ಲೂ ದುಡಿಮೆಯಲ್ಲೂ ಬರಕತ್ ನೀಡಲಿ.