ದೂರದ ಬೆಟ್ಟ ನುಣ್ಣಗೆ, ಫೋನಿನಲ್ಲಿ ಇನ್ನೂ ನುಣ್ಣಗೆ

"ಅಮ್ಮಾ, ಗೆಳತಿಯರ ಜೊತೆ ಕುಮಾರ ಪರ್ವತಕ್ಕೆ ಹೋಗ್ತೀನಿ" ಎಂದು ಕಾಲೇಜಿಗೆ ಹೋಗುವ ಮಗಳು ಹೇಳಿದಳೆನ್ನಿ. ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರುವ ಮಾತು "ಬೇಡ". ಅದರ ಬೆನ್ನಿಗೇ "ನಿಮ್ಮಪ್ಪನ್ನ ಕೇಳು". ಮಗಳೂ ಬಿಡುವವಳಲ್ಲ. "ನೋಡಮ್ಮಾ, ದಾರಿಯೆಲ್ಲ ಫೋನಿನಲ್ಲೇ ಇದೆ. ಬರೀ ಹದಿಮೂರು ಕಿಲೋಮೀಟರು" ಎನ್ನುತ್ತಾಳೆ. ಅದರೊಳಗೆ ಏನಿದೆಯೋ ನಮಗೇನು ಗೊತ್ತು ಅಂತ ನಾವು ಸುಮ್ಮನಾಗುತ್ತೇವೆ.

ಸೋದರಿಯರೇ, ಸುಮ್ಮನಾಗಬೇಡಿ. ಬೇಡ ಅನ್ನಲೂ ಬೇಡಿ. ಒಂದು ಹಾಳೆ, ಪೆನ್ಸಿಲು ಹಿಡಿದು ಮಗಳ ಪಕ್ಕದಲ್ಲಿ ಕುಳಿತುಕೊಳ್ಳಿ. ಐದು ಜನರ ಅಡುಗೆಯನ್ನು ಹದಿನೈದು ಜನರಿಗೆ ಏರಿಸುವ ಲೆಕ್ಕ ಬಲ್ಲ ನಿಮಗೆ ಇದೇನೂ ಕಷ್ಟವಲ್ಲ.

ಮೊದಲನೆಯದು ಹೊತ್ತಿನ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಒಂದು ಸುಲಭ ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿ.ಮೀ. ತುದಿಯ ಎತ್ತರ 1,712 ಮೀಟರ್. ಕುಕ್ಕೆ ಇರುವುದೋ ಬೆಟ್ಟದ ಬುಡದಲ್ಲಿ. ಅಂದರೆ ಏರು ಸುಮಾರು 1,600 ಮೀಟರ್. ದೂರಕ್ಕೆ ಎರಡೂವರೆ ಗಂಟೆ, ಏರಿಗೂ ಅಷ್ಟೇ ಹಿಡಿದರೂ ಐದು ಗಂಟೆ ದಾಟಿತು! ಅದೂ ಎಲ್ಲೂ ಕೂರದೆ, ಫೋಟೋ ತೆಗೆಯದೆ ನಡೆದರೆ. ಇಳಿಯಲು ನಾಲ್ಕು ಗಂಟೆ, ಊಟ ವಿಶ್ರಾಂತಿಗೆ ಎರಡು ಗಂಟೆ ಸೇರಿಸಿ. ಒಟ್ಟು ಹನ್ನೊಂದು ಗಂಟೆ. ಎಂಟಕ್ಕೆ ಹೊರಟವರು ಇಳಿಯುವಾಗ ರಾತ್ರಿ ಏಳು. ಡಿಸೆಂಬರಿನಲ್ಲಿ ಅಷ್ಟು ಹೊತ್ತಿಗೆ ಕಾಡಿನಲ್ಲಿ ಕಗ್ಗತ್ತಲೆ. ಆದ್ದರಿಂದ ಬೆಳಗಾಗುತ್ತಲೇ ಹೊರಡಬೇಕು. ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂತಿರುಗಬೇಕು. ಈ ಮಾತು ಹಾಳೆಯ ಮೇಲೆ ದಪ್ಪಕ್ಷರದಲ್ಲಿರಲಿ.

ಎರಡನೆಯದು ಏರಿನ ಗುರುತು. 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಆಧರಿಸಿ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಇದೆ. ದುಡ್ಡು ಬೇಕಿಲ್ಲ. ಅದರಲ್ಲಿ ಬೆಟ್ಟದ ಸುತ್ತ ಚಕ್ಕುಲಿಯ ಸುತ್ತಿನಂತೆ ತೆಳು ಗೆರೆಗಳನ್ನು ಕಾಣಬಹುದು. ಒಂದೊಂದು ಗೆರೆಯೂ ಒಂದೊಂದು ಎತ್ತರ. ಗೆರೆಗಳು ದೂರ ದೂರ ಇದ್ದರೆ ದಾರಿ ಹಗುರ. ಒತ್ತೊತ್ತಾಗಿದ್ದರೆ ಮಂಡಿ ನೋಯುವ ಏರು.

ಮೂರನೆಯದು, ಕಾಡಿನಲ್ಲಿ ಟವರ್ ಸಿಗದಿದ್ದರೆ? ನಾವು ಎಲ್ಲಿದ್ದೇವೆ ಎಂದು ಫೋನಿಗೆ ತಿಳಿಯುವುದು ಆಕಾಶದ ಉಪಗ್ರಹಗಳಿಂದ. ಅದಕ್ಕೆ ಟವರ್ ಬೇಕಿಲ್ಲ. ಆದರೆ ನಕ್ಷೆಯ ಚಿತ್ರ ಫೋನಿನಲ್ಲಿ ಮೊದಲೇ ಇರಬೇಕು. ಮನೆಯಲ್ಲೇ ಇಳಿಸಿಕೊಳ್ಳಲಿ. ಟವರ್ ಹುಡುಕಿ ಹುಡುಕಿ ಬ್ಯಾಟರಿ ಬೇಗ ಬರಿದಾಗುತ್ತದೆ. ಫ್ಲೈಟ್ ಮೋಡ್‌ಗೆ ಹಾಕಿದರೆ ಬಾಳಿಕೆ ಬರುತ್ತದೆ. ಬೆಲ್ಲ-ಕಡಲೆಕಾಯಿ ಉಂಡೆಯ ಡಬ್ಬಿಯ ಪಕ್ಕ ಪವರ್ ಬ್ಯಾಂಕೂ ಇರಲಿ.

ನಾಲ್ಕನೆಯದು ಅಪ್ಪಣೆ. ಯಾರೋ ನಡೆದ ಗೆರೆ ಆ್ಯಪ್‌ನಲ್ಲಿ ಕಂಡಿತೆಂದರೆ ಅಲ್ಲಿ ಹೋಗಲು ಅನುಮತಿ ಇದೆಯೆಂದು ಅರ್ಥವಲ್ಲ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮುಂಗಡ ನೋಂದಣಿಗೆ 'ಅರಣ್ಯ ವಿಹಾರ' ಎಂಬ ಜಾಲತಾಣವಿದೆ. ಅದನ್ನು ನೋಡಿಯೇ ದಿನ ಗೊತ್ತುಮಾಡಿ.

ಸೈಕಲ್ಲಿನ ಹುಚ್ಚು ಹಿಡಿದ ಮಗನಿದ್ದರೆ ಅವನಿಗೂ ಇದೇ ಪಾಠ. ಆಗುಂಬೆಯಿಂದ ಸೋಮೇಶ್ವರಕ್ಕೆ ಘಾಟಿ ಇಳಿಯಲು ಬ್ರೇಕು ಗಟ್ಟಿಯಿದ್ದರೆ ಸಾಕು. ಅದೇ ತಿರುವುಗಳನ್ನು ಹತ್ತಿ ಬರುವಾಗ ಎದೆ ಬಿರಿಯುತ್ತದೆ. ಕಿಲೋಮೀಟರು ಎರಡೂ ಕಡೆಗೆ ಅಷ್ಟೇ! ಏರಿಳಿತದ ಚಿತ್ರ ತೋರಿಸುವ ಆ್ಯಪ್‌ನಲ್ಲಿ ಬರುವ ದಾರಿಯನ್ನೂ ಹಾಕಿ ನೋಡಲಿ.

ಎಲ್ಲ ಆದ ಮೇಲೆ ಆ ಹಾಳೆ ನಿಮ್ಮ ಕ್ಯಾಲೆಂಡರಿನ ಮೊಳೆಗೆ ಸೇರಲಿ. ಹೊರಡುವ ಜಾಗ, ದಾರಿ, ಜೊತೆಯವರ ಹೆಸರು, ಫೋನ್ ನಂಬರು, ಹಿಂತಿರುಗುವ ಹೊತ್ತು ಎಲ್ಲ ಬರೆದಿರಲಿ. ಹೇಳಿದ ಹೊತ್ತಿಗಿಂತ ಎರಡು ಗಂಟೆ ಹೆಚ್ಚಾದರೂ ಸುದ್ದಿಯಿಲ್ಲವೇ? ಅಳುತ್ತಾ ಕೂರದೆ 112ಕ್ಕೆ ಫೋನ್ ಮಾಡಿ. ನಿಮ್ಮ ಕೈಯಲ್ಲಿ ಹಾಳೆ ಇದ್ದರೆ ಹುಡುಕುವವರಿಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುತ್ತದೆ. ದಿಗಿಲಿನ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಕೊನೆಗೊಂದು ಮಾತು. ಇಷ್ಟೆಲ್ಲ ಲೆಕ್ಕ ಹಾಕಿದ ನೀವು ಬಾಗಿಲಲ್ಲೇ ನಿಂತು ಟಾಟಾ ಮಾಡಬೇಕೆಂದು ಯಾರು ಹೇಳಿದರು? ನಿಮ್ಮೂರಿನ ಪಕ್ಕದಲ್ಲೂ ಒಂದು ಗುಡ್ಡ ಇದ್ದೀತು, ಅದರ ಮೇಲೊಂದು ಗುಡಿ ಇದ್ದೀತು. ಅದರ ಏರನ್ನೂ ಇದೇ ಸೂತ್ರದಲ್ಲಿ ಅಳೆದು, ಪಕ್ಕದ ಮನೆಯಾಕೆಯನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹೊರಡಿ. ತಿಂಡಿಯ ಚಿಂತೆ ಬೇಡ. ಒಂದು ದಿನ ಮನೆಯವರೇ ಮಾಡಿಕೊಂಡಾರು. ಹಾಳೆ ಮಾತ್ರ ಅದೇ ಮೊಳೆಗೆ ಸಿಕ್ಕಿಸುವುದನ್ನು ಮರೆಯಬೇಡಿ.