ಮೀಟರಿನ ಬಣ್ಣ

ಬೀರೂರು ರೈಲ್ವೆ ಜಂಕ್ಷನ್ನಿನ ಊರು. ಶಿವಮೊಗ್ಗದ ಹಳಿ ಕವಲೊಡೆಯುವುದು ಇಲ್ಲೇ. ಕೆಂಪು, ಹಸಿರು ದೀಪದ ಅರ್ಥ ಇಲ್ಲಿನ ಮಕ್ಕಳಿಗೂ ಗೊತ್ತು. ಆದರೂ ನನ್ನ ಹಳೆಯ ಕಾರಿನ ಮೀಟರಿಗೆ ನೀಲಿ ಬೆಳಕು ಹಾಕೋಣವೆಂದು ಅಕ್ಕನ ಮಗ ಹಟ ಹಿಡಿದಾಗ ನಾನು ಹೂಂ ಎಂದುಬಿಟ್ಟೆ.

ಕೆಲಸವೇನೋ ಸಲೀಸು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆವು. ಸ್ಕ್ರೂ ತೆಗೆದು, ಸ್ಪೀಡೋಮೀಟರಿನ ಕೇಬಲ್ ಕಳಚಿ, ಮೀಟರಿನ ಪೆಟ್ಟಿಗೆಯನ್ನು ಈಚೆಗೆಳೆದೆವು. ಹಿಂಬದಿಯ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಬಲ್ಬು ಕೈಗೆ ಬರುತ್ತದೆ. ಅದರ ಜಾಗಕ್ಕೆ ಎಲ್‌ಇಡಿ. ಇದಕ್ಕೆ ಪ್ಲಸ್, ಮೈನಸ್ ಉಂಟು. ಉರಿಯದಿದ್ದರೆ ತಿರುವಿ ಹಾಕಬೇಕು. ಮುಳ್ಳನ್ನು ಮಾತ್ರ ಮುಟ್ಟಲಿಲ್ಲ. ಕಿತ್ತು ಒಂದು ಗೆರೆ ಆಚೀಚೆ ಕೂರಿಸಿದರೂ ಅಂದಿನಿಂದ ಅದು ಹೇಳುವುದೆಲ್ಲ ಸುಳ್ಳೇ.

ಆ ರಾತ್ರಿ ತರೀಕೆರೆಗೆ ಹೊರಟೆವು. ಮೀಟರು ಮದುವೆ ಮನೆಯಂತೆ ಝಗಝಗ. ಎದುರಿನ ಲಾರಿಯವರು ಒಬ್ಬರಾದ ಮೇಲೊಬ್ಬರು ದೀಪ ಮಿಟುಕಿಸಿದರು. 'ನಮ್ಗೇ ಸಲಾಮು ಹೊಡೀತಿದಾರೆ ಮಾವ' ಎಂದ ಹುಡುಗ. ಅಷ್ಟರಲ್ಲಿ ಬೈಕಿನವನೊಬ್ಬ ಕಣ್ಣು ಕೋರೈಸಿ ರಸ್ತೆಯಿಂದಿಳಿದು ಬಿದ್ದ. ನನ್ನೆದೆ ಝಲ್ಲೆಂದಿತು. ಹೈಬೀಮ್ ಹಾಕಿಯೇ ಇತ್ತು! ಅದನ್ನು ತಿಳಿಸುವ ಪುಟ್ಟ ದೀಪದ ಬಣ್ಣವೂ ನೀಲಿ. ನೀಲಿಯ ಸಂತೆಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಯಿಲ್ ಒತ್ತಡ ಕುಸಿದರೆ ಕೆಂಪು, ಇಂಡಿಕೇಟರಿಗೆ ಹಸಿರು, ಹೈಬೀಮಿಗೆ ನೀಲಿ: ದೇಶ ಯಾವುದಾದರೂ ಕಾರುಗಳಲ್ಲಿ ಇದೇ ರೂಢಿ. ಸಾಲದ್ದಕ್ಕೆ, ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಂಪಿಗಿಂತ ನೀಲಿಯೇ ಹೆಚ್ಚು ಕೆಡಿಸುತ್ತದೆ.

ಮರುದಿನವೇ ಹಳೆಯ ಬಲ್ಬುಗಳು ಸ್ವಸ್ಥಾನ ಸೇರಿದವು. ಹುಡುಗ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ. ಆ ಬೈಕಿನವನು ಎದ್ದು ಮೈ ಕೊಡವಿಕೊಂಡು, ಬೈದು ಹೋದನಲ್ಲ, ಅದು ನಮ್ಮ ಪುಣ್ಯ.