ಬೀಜವೊಂದೇ ಸಾಲದು

ಆವಿಯು ತಣಿದರೆ ನೀರಾಗುತ್ತದೆ, ನೀರು ಇನ್ನೂ ತಣಿದರೆ ಮಂಜುಗಡ್ಡೆಯಾಗುತ್ತದೆ ಎಂದು ನಾವೆಲ್ಲರೂ ಪಾಠ ಒಪ್ಪಿಸುತ್ತೇವೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಶುದ್ಧ ನೀರಿನ ಅತಿಸಣ್ಣ ಹನಿಗಳು ಶೂನ್ಯಕ್ಕಿಂತ ಸುಮಾರು 38 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವವರೆಗೂ ದ್ರವವಾಗಿಯೇ ಉಳಿಯಬಲ್ಲವು.

ಇದಕ್ಕೆ ಕಾರಣವೇನು? ಹೊಸ ಸ್ಥಿತಿಯು ಎಲ್ಲೆಡೆಯೂ ಒಮ್ಮೆಗೇ ಹುಟ್ಟುವುದಿಲ್ಲ. ಮೊದಲು ಕೆಲವೇ ಅಣುಗಳು ಕೂಡಿ ಪುಟ್ಟ ಗುಂಪಾಗಬೇಕು. ಅಂಥ ಗುಂಪಿನಲ್ಲಿ ಅಂಚಿನ ಅಣುಗಳೇ ಹೆಚ್ಚು. ಅವಕ್ಕೆ ನೆರೆಯ ಆಸರೆ ಕಡಿಮೆಯಾದುದರಿಂದ ಬೇಗ ಕಳಚಿಕೊಳ್ಳುತ್ತವೆ. ಹೀಗೆ ಗುಂಪುಗಳು ಕ್ಷಣಕ್ಷಣವೂ ಹುಟ್ಟಿ ಅಳಿಯುತ್ತಿರುತ್ತವೆ. ಒಂದು ಗೊತ್ತಾದ ಗಾತ್ರವನ್ನು ದಾಟಿದ ಗುಂಪು ಮಾತ್ರ ಮುಂದೆ ತಾನಾಗಿ ಬೆಳೆಯುತ್ತದೆ. ಧೂಳಿನ ಅಥವಾ ಉಪ್ಪಿನ ಕಣವನ್ನು ಆಶ್ರಯಿಸಿದ ಅಣುಗಳಿಗೆ ಈ ಗಡಿಯನ್ನು ದಾಟುವುದು ಸುಲಭ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಅವರು 1880ರ ಸುಮಾರಿಗೆ ಇದನ್ನು ತೋರಿಸಿಕೊಟ್ಟರು: ಸೋಸಿದ ಗಾಳಿಯೊಳಗೆ ಆವಿಯನ್ನು ಬಿಟ್ಟಾಗ ಮಂಜು ಕವಿಯಲಿಲ್ಲ, ಸೋಸದ ಗಾಳಿಯಲ್ಲಿ ಒಡನೆಯೇ ಕವಿಯಿತು.

ಹುಟ್ಟಿದ ಹನಿಯೆಲ್ಲ ಮಳೆಯಲ್ಲ. ಮೋಡದ ಸಾಮಾನ್ಯ ಹನಿಯ ಅಡ್ಡಳತೆ ಮಿಲಿಮೀಟರಿನ ಐವತ್ತನೆಯ ಒಂದು ಪಾಲು ಮಾತ್ರ. ಅಂಥ 10 ಲಕ್ಷ ಹನಿಗಳ ನೀರು ಕೂಡಿದರೆ 2 ಮಿಲಿಮೀಟರಿನ ಒಂದು ಮಳೆಹನಿಯಾದೀತು.

ಈ ತಿಳಿವಿನಿಂದಲೇ ಮೋಡಬಿತ್ತನೆಯು ಹುಟ್ಟಿತು. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಅವರು ವಿಮಾನದಿಂದ ಮೋಡದೊಳಗೆ ಒಣ ಮಂಜುಗಡ್ಡೆಯನ್ನು ಉದುರಿಸಿದರು. ಅದೇ ವರ್ಷ ಬರ್ನಾರ್ಡ್ ವಾನೆಗಟ್ ಅವರು, ಮಂಜುಗಡ್ಡೆಯ ಹರಳನ್ನೇ ಹೋಲುವ ರಚನೆಯುಳ್ಳ ಸಿಲ್ವರ್ ಅಯೊಡೈಡ್ ಒಳ್ಳೆಯ ಬೀಜವೆಂದು ಕಂಡುಕೊಂಡರು. 2017ರಲ್ಲಿ ಕರ್ನಾಟಕ ಸರ್ಕಾರವೂ ಮೋಡಬಿತ್ತನೆಯನ್ನು ನಡೆಸಿತು.

ನಮ್ಮಲ್ಲಿ ಹಲವರ ಮನೆತನಗಳು ಮಳೆ ಕೈಕೊಟ್ಟ ವರ್ಷಗಳಲ್ಲಿಯೇ ಬಯಲುಸೀಮೆಯನ್ನು ಬಿಟ್ಟು ಈ ಮುಂಬಯಿಗೆ ಬಂದವು. ಆದುದರಿಂದ ವಿಮಾನವು ಮಳೆ ತರುವುದೆಂಬ ಸುದ್ದಿ ನಮಗೆ ಹಿತವಾಗಿ ಕೇಳಿಸುವುದು ಸಹಜ. ಆದರೆ ಬೀಜವು ಆವಿಯನ್ನು ಸೃಷ್ಟಿಸಲಾರದು. ಒಣಗಿದ ಬಾನಿನಲ್ಲಿ ಬಿತ್ತಿದರೆ ಒಣನೆಲದಲ್ಲಿ ಜೋಳ ಬಿತ್ತಿದಂತೆಯೇ ಸರಿ. ಮೋಡವಿದ್ದು ಮಳೆ ಬಂದರೂ, ಬಿತ್ತದೆ ಇದ್ದರೆ ಎಷ್ಟು ಬರುತ್ತಿತ್ತೆಂದು ಅಳೆಯುವುದು ಕಠಿಣ. ಬರಗಾಲದಲ್ಲಿ ಮೋಡಗಳೇ ವಿರಳವಾದುದರಿಂದ, ಬೀಜವು ಅತ್ಯಂತ ಬೇಕಾದ ಕಾಲದಲ್ಲಿಯೇ ಅದರ ಬಲ ಕುಗ್ಗುತ್ತದೆ.

ಪ್ರಯೋಗಗಳು ನಡೆಯಲಿ, ಅವನ್ನು ಹಳಿಯುವುದು ತರವಲ್ಲ. ಆದರೆ ಅವುಗಳ ಭರವಸೆಯಿಂದ ಊರಕೆರೆಯ ಹೂಳನ್ನು ಮರೆಯುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ. ಬಿದ್ದ ಹನಿಯನ್ನು ಹಿಡಿದಿಡುವ ಕೆರೆಗೆ ಯಾವ ವಿಮಾನವೂ ಸಾಟಿಯಲ್ಲ. ವಿದ್ಯಾರ್ಥಿಗಳೇ, ಮಳೆ ತರಿಸುತ್ತೇವೆಂದು ಯಾರಾದರೂ ಹೇಳಿದಾಗ ನಾವು ಎರಡು ಪ್ರಶ್ನೆಗಳನ್ನು ಕೇಳೋಣ: ಬಾನಿನಲ್ಲಿ ಮೋಡವಿದೆಯೆ? ನೆಲದಲ್ಲಿ ಕೆರೆಯಿದೆಯೆ?